ರಕ್ಷಣಾ ಬಜೆಟ್‌ಗೆ ಕತ್ತರಿ ಬಿದ್ದರೆ ಮಾಜಿ ಸೈನಿಕರ ಪಿಂಚಣಿ ಕಡಿಮೆಯಾಗುತ್ತದೆಯೇ?

ಫೆಬ್ರವರಿ 1ರಂದು ಕೇಂದ್ರ ಬಜೆಟ್ ಮಂಡನೆಯಾಗುತ್ತದೆ. ಅದರ ಬೆನ್ನಿಗೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶಗಳ ಓಡಾಟವೂ ಶುರುವಾಗುತ್ತದೆ. ‘ರಕ್ಷಣಾ ಬಜೆಟ್ ಕಡಿತ, ಇನ್ನು ಮಾಜಿ ಸೈನಿಕರ ಪಿಂಚಣಿಗೂ ಕತ್ತರಿ’ ಎನ್ನುವ ಧಾಟಿ. ಪಕ್ಕದಲ್ಲಿ ಕೆಂಪು ಬಾಣ ಕೆಳಗಿಳಿಯುತ್ತಿರುವ ಒಂದು ಚಿತ್ರ. ಪಿಂಚಣಿ ದುಡ್ಡಿನಲ್ಲೇ ತಿಂಗಳು ನಡೆಸುವ ಮನೆಯವರಿಗೆ ಇದನ್ನು ನೋಡಿ ಎದೆ ಧಸಕ್ಕೆನ್ನುವುದು ಸಹಜ. ಕೊಡಗು, ಬೆಳಗಾವಿಯ ಕಡೆ ಅಂಥ ಮನೆಗಳು ಕಡಿಮೆಯೇನಿಲ್ಲ.

ನೇರವಾಗಿ ಉತ್ತರ ಹೇಳಿಬಿಡೋಣ. ಬಜೆಟ್‌ನಲ್ಲಿ ಒಂದು ಅಂಕಿ ಇಳಿಯಿತೆಂದು ನಿವೃತ್ತರಾದವರ ಮೂಲ ಪಿಂಚಣಿ ಕಡಿಮೆಯಾಗುವುದಿಲ್ಲ. ಹಾಗೆಂದು ‘ಇದೆಲ್ಲ ಸುಳ್ಳು, ತಲೆ ಕೆಡಿಸಿಕೊಳ್ಳಬೇಡಿ’ ಎಂದು ಸಂದೇಶವನ್ನು ಅಳಿಸಿ ಸುಮ್ಮನಾಗುವಂತೆಯೂ ಇಲ್ಲ. ಸರ್ಕಾರದ ಕೈ ಬಿಗಿಯಾದಾಗ ಅದರ ಬಿಸಿ ಮಾಜಿ ಸೈನಿಕರಿಗೆ ತಟ್ಟುತ್ತದೆ, ಆದರೆ ಬೇರೆ ಬಾಗಿಲಿನಿಂದ. ಬರಬೇಕಾದ ಬಾಕಿ ತಡವಾಗುತ್ತದೆ. ಬೆಲೆ ಏರಿಕೆಗೆ ಕೊಡುವ ಪರಿಹಾರ ನಿಲ್ಲಬಹುದು. ಆಸ್ಪತ್ರೆಯ ಕೌಂಟರಿನಲ್ಲಿ ‘ಈ ಕಾರ್ಡ್ ಈಗ ತಗೊಳ್ತಿಲ್ಲ’ ಎನ್ನಬಹುದು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಇನ್ನೂ ಸೇನೆಗೆ ಸೇರದವರ ಮೇಲೆ.

‘ಕಡಿತ’ ಎಂದರೆ ಯಾವ ಕಡಿತ?

ಸಂವಹನ ಓದಿದ ನನಗೆ ಇಂಥ ಸಂದೇಶಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಪದದ ಆಟ. ‘ಕಡಿತ’ ಎಂಬ ಒಂದೇ ಪದವನ್ನು ಕನಿಷ್ಠ ಮೂರು ಅರ್ಥದಲ್ಲಿ ಬಳಸುತ್ತಾರೆ.

ಮೊದಲನೆಯದು ನಿಜವಾದ ಕಡಿತ. ಅಂದರೆ ಹೋದ ವರ್ಷ ಇಟ್ಟಿದ್ದಕ್ಕಿಂತ ಈ ವರ್ಷ ಕಡಿಮೆ ರೂಪಾಯಿ ಇಡುವುದು. ಭಾರತದ ರಕ್ಷಣಾ ಸಚಿವಾಲಯದ ಒಟ್ಟು ಬಜೆಟ್ ಅಂದಾಜು 2016-17ರಿಂದ 2025-26ರವರೆಗೆ ಒಂದು ವರ್ಷವೂ ಹೀಗೆ ಇಳಿದಿಲ್ಲ. 2020-21ರಲ್ಲಿ 4.71 ಲಕ್ಷ ಕೋಟಿ ಇದ್ದದ್ದು 2025-26ಕ್ಕೆ 6.81 ಲಕ್ಷ ಕೋಟಿ ರೂಪಾಯಿ ಆಗಿದೆ. ಎರಡನೆಯದು, ಸೇನೆ ಕೇಳಿದ್ದಕ್ಕಿಂತ ಕಡಿಮೆ ಕೊಡುವುದು. ಇದು ಬಹುತೇಕ ಪ್ರತಿ ವರ್ಷದ ಕಥೆ. ರಕ್ಷಣೆಗೆ ಸಂಬಂಧಿಸಿದ ಸಂಸದೀಯ ಸ್ಥಾಯಿ ಸಮಿತಿಯ ವರದಿಗಳನ್ನು ತೆರೆದರೆ ‘ಕೇಳಿದ್ದು ಇಷ್ಟು, ಸಿಕ್ಕಿದ್ದು ಇಷ್ಟು’ ಎಂಬ ಕೋಷ್ಟಕಗಳು ಸಿಗುತ್ತವೆ. ಮೂರನೆಯದು, ದೇಶದ ಒಟ್ಟು ಉತ್ಪನ್ನದಲ್ಲಿ ರಕ್ಷಣೆಯ ಪಾಲು ಇಳಿಯುವುದು. ಹತ್ತು ವರ್ಷಗಳ ಹಿಂದೆ ಶೇ 2ಕ್ಕಿಂತ ಮೇಲಿದ್ದ ಪಾಲು 2025-26ರಲ್ಲಿ ಸುಮಾರು ಶೇ 1.9. ಕೆಂಪು ಬಾಣದ ಚಿತ್ರ ಹೆಚ್ಚಾಗಿ ಹುಟ್ಟುವುದು ಇಲ್ಲಿಂದ. ಪಾಲು ಇಳಿದರೂ ರೂಪಾಯಿ ಏರಿರುತ್ತದೆ. ಬಾಣ ಹಾಕಿದವರು ಅದನ್ನು ಹೇಳುವುದಿಲ್ಲ, ಅಷ್ಟೆ.

ಪಿಂಚಣಿಯ ವಿಷಯದಲ್ಲಿ ಮಾತ್ರ ಒಂದು ಸಲ ಮೊದಲನೇ ಅರ್ಥದ ಇಳಿಕೆ ಕಾಣಿಸಿತ್ತು. 2020-21ರ ಬಜೆಟ್‌ನಲ್ಲಿ ರಕ್ಷಣಾ ಪಿಂಚಣಿಗೆ ಸುಮಾರು 1.34 ಲಕ್ಷ ಕೋಟಿ ಇಟ್ಟಿದ್ದರು. ಮರುವರ್ಷ ಅದು 1.16 ಲಕ್ಷ ಕೋಟಿಗೆ ಬಂತು. ಕಾಗದದ ಮೇಲೆ 18 ಸಾವಿರ ಕೋಟಿಯಷ್ಟು ಕಡಿಮೆ! ಆ ವರ್ಷ ಯಾರ ಮೂಲ ಪಿಂಚಣಿಯೂ ಇಳಿಯಲಿಲ್ಲ. ಬಜೆಟ್‌ನಲ್ಲಿರುವುದು ‘ಈ ವರ್ಷ ಇಷ್ಟು ಬೇಕಾಗಬಹುದು’ ಎಂಬ ಅಂದಾಜು. ಬಾಕಿ ಕೊಡುವುದಿದ್ದ ವರ್ಷ ಅದು ಉಬ್ಬುತ್ತದೆ, ಇಲ್ಲದ ವರ್ಷ ಇಳಿಯುತ್ತದೆ. 2022-23ನ್ನೇ ನೋಡಿ. ಶುರುವಿನಲ್ಲಿ 1.20 ಲಕ್ಷ ಕೋಟಿ ಇಟ್ಟಿದ್ದರು, ವರ್ಷದ ಕೊನೆಗೆ ಪರಿಷ್ಕೃತ ಅಂದಾಜು 1.53 ಲಕ್ಷ ಕೋಟಿ ದಾಟಿತು. ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಪಿಂಚಣಿಯ ದುಡ್ಡು ಎಲ್ಲಿಂದ ಬರುತ್ತದೆ?

ಹಲವರು ಅಂದುಕೊಂಡಿರುವಂತೆ ಸೈನಿಕರ ಪಿಂಚಣಿಗೆಂದು ನಮ್ಮಲ್ಲಿ ಎತ್ತಿಟ್ಟ ನಿಧಿ ಇಲ್ಲ. ಪ್ರತಿ ವರ್ಷದ ಬಜೆಟ್‌ನಿಂದಲೇ, ಆ ವರ್ಷದ ತೆರಿಗೆ ಮತ್ತು ಸಾಲದ ಹಣದಿಂದಲೇ ಕೊಡಬೇಕು. ರಕ್ಷಣಾ ಸಚಿವಾಲಯದ ಲೆಕ್ಕದಲ್ಲಿ ಪಿಂಚಣಿಯದ್ದು ಪ್ರತ್ಯೇಕ ಬೇಡಿಕೆ. 2025-26ರಲ್ಲಿ ಅದಕ್ಕೆ 1,60,795 ಕೋಟಿ ರೂಪಾಯಿ, ಒಟ್ಟು ರಕ್ಷಣಾ ಬಜೆಟ್‌ನ ಶೇ 23.6. ಸುಮಾರು 34 ಲಕ್ಷ ಪಿಂಚಣಿದಾರರು ಇದರ ಮೇಲೆ ನಿಂತಿದ್ದಾರೆ. ಇವರೆಲ್ಲ ಸಮವಸ್ತ್ರ ತೊಟ್ಟವರಲ್ಲ ಎಂಬುದನ್ನೂ ಹೇಳಬೇಕು. ರಕ್ಷಣಾ ಇಲಾಖೆಯ ನಾಗರಿಕ ನೌಕರರ ಪಿಂಚಣಿ ಕೂಡ ಇದೇ ಲೆಕ್ಕಕ್ಕೆ ಬರುತ್ತದೆ. ‘ಜವಾನರ ಪಿಂಚಣಿಯೇ ಸೇನೆಯ ದುಡ್ಡನ್ನೆಲ್ಲ ತಿಂದುಹಾಕುತ್ತಿದೆ’ ಎಂದು ಟಿವಿ ಚರ್ಚೆಯಲ್ಲಿ ಯಾರಾದರೂ ಅಂದರೆ ಇದನ್ನು ನೆನಪಿಟ್ಟುಕೊಳ್ಳಿ.

ಅಂದಾಜು ಮಾಡಿದ್ದು ಸಾಲದೇ ಹೋದರೆ? ಸರ್ಕಾರ ಪೂರಕ ಬೇಡಿಕೆಯನ್ನು ಸಂಸತ್ತಿನ ಮುಂದಿಟ್ಟು ಇನ್ನಷ್ಟು ಹಣ ಪಡೆಯುತ್ತದೆ. ಯುದ್ಧವಿಮಾನದ ಖರೀದಿಯನ್ನು ಮುಂದಿನ ವರ್ಷಕ್ಕೆ ತಳ್ಳಬಹುದು, ಒಬ್ಬ ನಿವೃತ್ತ ನಾಯಕ್‌ಗೆ ಮಾರ್ಚ್ ತಿಂಗಳ ಪಿಂಚಣಿಯನ್ನು ಮುಂದಿನ ವರ್ಷ ಕೊಡುತ್ತೇವೆ ಎನ್ನಲು ಬರುವುದಿಲ್ಲ. ಅದು ಸೇವೆ ಸಲ್ಲಿಸಿ ಗಳಿಸಿದ ಹಕ್ಕು. 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪಿಂಚಣಿ ಎಂಬುದು ಸರ್ಕಾರ ಮನಸ್ಸು ಬಂದರೆ ಕೊಡುವ ಭಕ್ಷೀಸು ಅಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಪಿಂಚಣಿದಾರರ ಸಂಘಟನೆಗಳು ಈಗಲೂ ಆ ದಿನವನ್ನು ಪಿಂಚಣಿದಾರರ ದಿನವಾಗಿ ಆಚರಿಸುವುದು ಅದಕ್ಕೇ.

ಇಷ್ಟು ಗಟ್ಟಿಯಾದ ಹಕ್ಕಿದ್ದ ಮೇಲೆ ಬಜೆಟ್‌ನ ಒತ್ತಡ ಎಲ್ಲಿ ಕಾಣಿಸಿಕೊಳ್ಳುತ್ತದೆ?

ಕೊಡುತ್ತೇವೆ, ಆದರೆ ಈಗಲ್ಲ

ಇದಕ್ಕೆ ಕಣ್ಣೆದುರಿನ ಉದಾಹರಣೆ ಒಆರ್‌ಒಪಿ, ಅಂದರೆ ‘ಒಂದು ಶ್ರೇಣಿ, ಒಂದು ಪಿಂಚಣಿ’. ಒಂದೇ ಶ್ರೇಣಿಯಲ್ಲಿ ಒಂದೇ ಅವಧಿಯ ಸೇವೆ ಮಾಡಿ ನಿವೃತ್ತರಾದ ಇಬ್ಬರಿಗೆ, ಒಬ್ಬರು 1990ರಲ್ಲಿ ಬಂದಿರಲಿ ಇನ್ನೊಬ್ಬರು 2013ರಲ್ಲಿ ಬಂದಿರಲಿ, ಒಂದೇ ಪಿಂಚಣಿ ಸಿಗಬೇಕು ಎಂಬುದು ಇದರ ತಿರುಳು. 2015ರ ನವೆಂಬರ್‌ನಲ್ಲಿ ಹೊರಟ ಆದೇಶದ ಪ್ರಕಾರ ಇದು 2014ರ ಜುಲೈ 1ರಿಂದ ಜಾರಿ. ಐದು ವರ್ಷಕ್ಕೊಮ್ಮೆ ಪರಿಷ್ಕರಣೆ.

ಐದು ವರ್ಷದ ಲೆಕ್ಕ ಹಿಡಿದರೆ ಮೊದಲ ಪರಿಷ್ಕರಣೆ 2019ರ ಜುಲೈ 1ಕ್ಕೆ ಆಗಬೇಕಿತ್ತು. ಆಗಲಿಲ್ಲ. 2022ರ ಮಾರ್ಚ್ 16ರಂದು ಸುಪ್ರೀಂ ಕೋರ್ಟ್ ಯೋಜನೆಯನ್ನು ಎತ್ತಿಹಿಡಿದು, 2019ರ ಜುಲೈನಿಂದ ಪಿಂಚಣಿ ಮರುನಿಗದಿ ಮಾಡಿ ಬಾಕಿಯನ್ನು ಮೂರು ತಿಂಗಳಲ್ಲಿ ಕೊಡಿ ಎಂದಿತು. ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು ಆ ವರ್ಷದ ಡಿಸೆಂಬರ್ 23ಕ್ಕೆ. 25 ಲಕ್ಷಕ್ಕೂ ಹೆಚ್ಚು ಜನರಿಗೆ ಅನುಕೂಲ, ವರ್ಷಕ್ಕೆ 8,450 ಕೋಟಿ ಹೆಚ್ಚುವರಿ ಖರ್ಚು ಎಂಬುದು ಸರ್ಕಾರದ ಲೆಕ್ಕ. ಬಾಕಿಯ ಮೊತ್ತ ಸುಮಾರು 28 ಸಾವಿರ ಕೋಟಿ. 2022-23ರ ಪರಿಷ್ಕೃತ ಅಂದಾಜು ಅಷ್ಟು ಉಬ್ಬಿದ್ದು ಇದರಿಂದಲೇ.

2023ರ ಜನವರಿಯಲ್ಲಿ ರಕ್ಷಣಾ ಸಚಿವಾಲಯ ಒಂದು ಪತ್ರ ಹೊರಡಿಸಿತು: ಬಾಕಿಯನ್ನು ನಾಲ್ಕು ಅರ್ಧವಾರ್ಷಿಕ ಕಂತುಗಳಲ್ಲಿ ಕೊಡಲಾಗುವುದು. ಕೋರ್ಟ್ ಹಾಕಿದ ಗಡುವನ್ನು ಸಚಿವಾಲಯ ತಾನೇ ಹೀಗೆ ಬದಲಿಸಿದ್ದಕ್ಕೆ ನ್ಯಾಯಮೂರ್ತಿಗಳು ಗರಂ ಆದರು. ಮಾರ್ಚ್‌ನಲ್ಲಿ ಸರ್ಕಾರ ಕೋರ್ಟಿಗೆ ಕೊಟ್ಟ ಕಾರಣ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು: ಇಷ್ಟು ದೊಡ್ಡ ಮೊತ್ತವನ್ನು ಒಂದೇ ಸಲಕ್ಕೆ ಕೊಡಲು ಬಜೆಟ್‌ನಲ್ಲಿ ಅವಕಾಶವಿಲ್ಲ. ಕೋರ್ಟ್ ಅದನ್ನು ಅರ್ಧ ಒಪ್ಪಿತು. ಕುಟುಂಬ ಪಿಂಚಣಿದಾರರಿಗೆ ಮತ್ತು ಶೌರ್ಯ ಪ್ರಶಸ್ತಿ ಪಡೆದವರಿಗೆ 2023ರ ಏಪ್ರಿಲ್ 30ರೊಳಗೆ ಒಂದೇ ಕಂತಿನಲ್ಲಿ, 70 ದಾಟಿದವರಿಗೆ ಜೂನ್ 30ರೊಳಗೆ, ಉಳಿದವರಿಗೆ ಮೂರು ಸಮ ಕಂತುಗಳಲ್ಲಿ ಕೊಡಿ ಎಂದಿತು. ಕೊನೆಯ ಕಂತಿನ ಗಡುವು 2024ರ ಫೆಬ್ರವರಿ 28.

2019ರ ಜುಲೈನಲ್ಲಿ ಕೈಸೇರಬೇಕಿದ್ದ ಏರಿಕೆಯ ಕೊನೆಯ ಪಾಲು 2024ರ ಫೆಬ್ರವರಿಗೆ. ನಾಲ್ಕೂವರೆ ವರ್ಷಕ್ಕೂ ಹೆಚ್ಚು. ಯಾರ ಪಿಂಚಣಿಯನ್ನೂ ಯಾರೂ ‘ಕಡಿತ’ ಮಾಡಲಿಲ್ಲ ಎಂಬುದು ನಿಜವೇ. ಆದರೆ ಎಪ್ಪತ್ತೈದು ವರ್ಷದ ಮನುಷ್ಯನಿಗೆ ನಾಲ್ಕೂವರೆ ವರ್ಷ ಎಂದರೇನು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ನನ್ನ ಪ್ರಕಾರ ಬಜೆಟ್ ಒತ್ತಡದ ಚರ್ಚೆಯಲ್ಲಿ ನಾವು ಮೊತ್ತದ ಬಗ್ಗೆ ಮಾತಾಡಿದಷ್ಟು ಕಾಲದ ಬಗ್ಗೆ ಮಾತಾಡುವುದಿಲ್ಲ. ತಡವಾದ ದುಡ್ಡು ಅಷ್ಟೇ ದುಡ್ಡಲ್ಲ. 2019ರ ನೂರು ರೂಪಾಯಿಗೆ ಬರುತ್ತಿದ್ದ ಸಾಮಾನು 2024ರ ನೂರು ರೂಪಾಯಿಗೆ ಬರುವುದಿಲ್ಲ.

ಬೆಲೆ ಏರುತ್ತದೆ, ಪಿಂಚಣಿ ನಿಲ್ಲುತ್ತದೆ

ಇದರಿಂದ ಎರಡನೇ ಬಾಗಿಲಿಗೆ ಬರುತ್ತೇವೆ. ನೌಕರರಿಗೆ ತುಟ್ಟಿಭತ್ಯೆ ಇರುವಂತೆ ಪಿಂಚಣಿದಾರರಿಗೆ ತುಟ್ಟಿ ಪರಿಹಾರ ಇರುತ್ತದೆ. ಜನರ ಬಾಯಲ್ಲಿ ಎರಡೂ ಡಿಎ. ಜನವರಿಗೊಮ್ಮೆ, ಜುಲೈಗೊಮ್ಮೆ ಬೆಲೆ ಸೂಚ್ಯಂಕ ನೋಡಿ ಏರಿಸುತ್ತಾರೆ. ಮೂಲ ಪಿಂಚಣಿಗೆ ಇರುವಷ್ಟು ರಕ್ಷಣೆ ಇದಕ್ಕಿಲ್ಲ ಎಂಬುದು ಕೋವಿಡ್ ಹೊತ್ತಿನಲ್ಲಿ ಗೊತ್ತಾಯಿತು.

2020ರ ಏಪ್ರಿಲ್ 23ರಂದು ಹಣಕಾಸು ಸಚಿವಾಲಯ ಒಂದು ಆದೇಶ ಹೊರಡಿಸಿ 2020ರ ಜನವರಿ, ಜುಲೈ ಮತ್ತು 2021ರ ಜನವರಿಯ ಮೂರು ಕಂತುಗಳನ್ನು ತಡೆಹಿಡಿಯಿತು. ಪರಿಹಾರ ಶೇ 17ಕ್ಕೇ ನಿಂತಿತು. 2021ರ ಜುಲೈ 1ರಿಂದ ಒಮ್ಮೆಲೇ ಶೇ 28ಕ್ಕೆ ಏರಿಸಿದರು, ಆದರೆ ನಡುವಿನ 18 ತಿಂಗಳ ಬಾಕಿ ಇಲ್ಲ ಎಂದರು. ಇದು ಎಲ್ಲ ಕೇಂದ್ರ ನೌಕರರಿಗೆ ಮತ್ತು ಪಿಂಚಣಿದಾರರಿಗೆ ಅನ್ವಯಿಸಿತು, ಮಾಜಿ ಸೈನಿಕರೂ ಅದರಲ್ಲಿ ಸೇರಿದ್ದರು. ಸರ್ಕಾರಕ್ಕೆ ಉಳಿದದ್ದು 34,402 ಕೋಟಿ ರೂಪಾಯಿ ಎಂದು ಸಂಸತ್ತಿಗೆ ತಿಳಿಸಲಾಯಿತು.

ಒಬ್ಬರ ಲೆಕ್ಕದಲ್ಲಿ ಇದು ಎಷ್ಟಾಗುತ್ತದೆ? ಮೂಲ ಪಿಂಚಣಿ 20,000 ರೂಪಾಯಿ ಇದೆ ಎಂದುಕೊಳ್ಳಿ. ಮೊದಲ ಆರು ತಿಂಗಳು ಸಿಗದಿದ್ದದ್ದು ಶೇ 4, ಅಂದರೆ ತಿಂಗಳಿಗೆ 800. ಮುಂದಿನ ಆರು ತಿಂಗಳು ಇನ್ನೂ ಶೇ 3 ಸೇರಿ 1,400. ಕೊನೆಯ ಆರು ತಿಂಗಳು ಮತ್ತೆ ಶೇ 4 ಸೇರಿ 2,200. ಎಲ್ಲ ಕೂಡಿಸಿದರೆ 26,400 ರೂಪಾಯಿ. ಒಂದು ತಿಂಗಳ ಪಿಂಚಣಿಗಿಂತ ಹೆಚ್ಚು. ರಕ್ಷಣಾ ಬಜೆಟ್ ಆ ವರ್ಷ ಇಳಿದಿರಲಿಲ್ಲ, ಏರಿತ್ತು! ಹಾಗಾಗಿ ಪಿಂಚಣಿದಾರರು ಕಣ್ಣಿಡಬೇಕಾದದ್ದು ಫೆಬ್ರವರಿಯ ರಕ್ಷಣಾ ಬಜೆಟ್‌ನ ಮೇಲಷ್ಟೇ ಅಲ್ಲ, ಹಣಕಾಸು ಸಚಿವಾಲಯದ ಇಂಥ ಒಂದೆರಡು ಪುಟದ ಆದೇಶಗಳ ಮೇಲೆ.

ಈ ದಾರಿಯನ್ನು ಅಮೆರಿಕ ನಮಗಿಂತ ಮೊದಲೇ ಹಿಡಿದು ಕೈ ಸುಟ್ಟುಕೊಂಡಿತ್ತು. ಅಲ್ಲಿ ನಡೆದದ್ದು ಮೊದಲನೇ ಅರ್ಥದ ನಿಜವಾದ ಕಡಿತ, ಹಾಗಾಗಿ ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು.

2011ರ ಬಜೆಟ್ ನಿಯಂತ್ರಣ ಕಾಯ್ದೆಯಲ್ಲಿ ಅಮೆರಿಕದ ಸಂಸತ್ತು ತನಗೆ ತಾನೇ ಒಂದು ಬಲೆ ಹಾಕಿಕೊಂಡಿತು. ಸಾಲ ತಗ್ಗಿಸುವ ಒಪ್ಪಂದಕ್ಕೆ ಪಕ್ಷಗಳು ಬಾರದಿದ್ದರೆ ಖರ್ಚು ತಾನಾಗಿಯೇ ಕಡಿತವಾಗಬೇಕು, ಅದರಲ್ಲಿ ಅರ್ಧ ರಕ್ಷಣೆಯದ್ದು. ಇದಕ್ಕೆ ಸೀಕ್ವೆಸ್ಟ್ರೇಶನ್ ಎಂದು ಹೆಸರು. ಒಪ್ಪಂದ ಆಗಲಿಲ್ಲ, 2013ರ ಮಾರ್ಚ್ 1ರಂದು ಕತ್ತರಿ ಬಿತ್ತು. ಆಗಲೂ ನಿವೃತ್ತ ಸೈನಿಕರ ಪಿಂಚಣಿ ಅಲುಗಾಡಲಿಲ್ಲ. ಅಲ್ಲಿ 1984ರಿಂದ ಸೈನಿಕರ ಪಿಂಚಣಿಗೆ ಪ್ರತ್ಯೇಕ ನಿಧಿ ಇದೆ. ಇವತ್ತು ಸೇವೆಯಲ್ಲಿರುವ ಸೈನಿಕರಿಗೆ ಮುಂದೆ ಕೊಡಬೇಕಾದ ಪಿಂಚಣಿಗೆಂದು ಪ್ರತಿ ವರ್ಷ ಅದರಲ್ಲಿ ಹಣ ಸೇರುತ್ತದೆ, ಅದರಿಂದ ಕೊಡುವ ಪಿಂಚಣಿಯನ್ನು ಕಾನೂನೇ ಕಡಿತದಿಂದ ಹೊರಗಿಟ್ಟಿತ್ತು. ರಕ್ಷಣಾ ಇಲಾಖೆಯ ನಾಗರಿಕ ನೌಕರರಲ್ಲಿ ಹೆಚ್ಚಿನವರು ಆ ಬೇಸಿಗೆಯಲ್ಲಿ ಆರು ದಿನ ಸಂಬಳವಿಲ್ಲದ ರಜೆಯ ಮೇಲೆ ಹೋದರು.

ಕಡಿತದ ಬಿಗಿತ ಸ್ವಲ್ಪ ಸಡಿಲಿಸಲು ಡಿಸೆಂಬರ್‌ನಲ್ಲಿ ಎರಡೂ ಪಕ್ಷಗಳು ಕೂತು ಒಂದು ಒಪ್ಪಂದಕ್ಕೆ ಬಂದವು. ರಿಪಬ್ಲಿಕನ್ ಪಕ್ಷದ ಪಾಲ್ ರಯಾನ್ ಮತ್ತು ಡೆಮಾಕ್ರಟಿಕ್ ಪಕ್ಷದ ಪ್ಯಾಟಿ ಮರ್ರೆ ಕುದುರಿಸಿದ್ದು ಅದು. ಅದರೊಳಗೊಂದು ಸಣ್ಣ ಕಲಮು: 62 ವರ್ಷದೊಳಗಿನ ನಿವೃತ್ತ ಸೈನಿಕರಿಗೆ ಪ್ರತಿ ವರ್ಷ ಕೊಡುವ ಬೆಲೆ ಏರಿಕೆಯ ಹೊಂದಾಣಿಕೆಯಲ್ಲಿ ಶೇಕಡಾ ಒಂದು ಅಂಶ ಕಡಿಮೆ. ಹತ್ತು ವರ್ಷಕ್ಕೆ ಸುಮಾರು 600 ಕೋಟಿ ಡಾಲರ್ ಉಳಿತಾಯ.

ಒಂದು ಅಂಶ ತಾನೇ ಎನಿಸಬಹುದು. ಲೆಕ್ಕ ಹಾಕಿ ನೋಡೋಣ. ಒಬ್ಬ ಸೈನಿಕ 42ಕ್ಕೆ ನಿವೃತ್ತನಾದ. ಬೆಲೆಗಳು ವರ್ಷಕ್ಕೆ ಶೇ 3ರಂತೆ ಏರಿದವು, ಅವನ ಪಿಂಚಣಿ ಶೇ 2ರಂತೆ ಮಾತ್ರ ಏರಿತು. ಇಪ್ಪತ್ತು ವರ್ಷ ಕಳೆದು 62 ಮುಟ್ಟುವಾಗ ಅವನಿಗೆ ಸಿಗಬೇಕಾದ ಪ್ರತಿ ನೂರು ಡಾಲರಿಗೆ ಸಿಗುತ್ತಿರುವುದು 82 ಮಾತ್ರ. 62ಕ್ಕೆ ಪಿಂಚಣಿಯನ್ನು ಮತ್ತೆ ಸರಿಯಾದ ಮಟ್ಟಕ್ಕೆ ಏರಿಸುವ ಏರ್ಪಾಡು ಕಾಯ್ದೆಯಲ್ಲಿತ್ತು, ನಡುವಿನ ಇಪ್ಪತ್ತು ವರ್ಷ ಕಳೆದುಕೊಂಡದ್ದು ಹೋದದ್ದೇ. ಮಕ್ಕಳ ಓದು, ಮನೆಸಾಲ ಎಲ್ಲ ಇರುವುದು ಆ ಇಪ್ಪತ್ತು ವರ್ಷಗಳಲ್ಲೇ.

ಮಾಜಿ ಸೈನಿಕರ ಸಂಘಟನೆಗಳು ಸುಮ್ಮನಿರಲಿಲ್ಲ. ಜನವರಿಯಲ್ಲಿ ಅಂಗವಿಕಲರಾಗಿ ನಿವೃತ್ತರಾದವರಿಗೆ ಮತ್ತು ಮೃತ ಸೈನಿಕರ ಕುಟುಂಬಗಳಿಗೆ ವಿನಾಯಿತಿ ಕೊಟ್ಟರು. ಫೆಬ್ರವರಿಯಲ್ಲಿ, ಕಡಿತ ಜಾರಿಗೆ ಬರುವ ಮೊದಲೇ, 2014ಕ್ಕಿಂತ ಮುಂಚೆ ಸೇನೆ ಸೇರಿದ ಎಲ್ಲರನ್ನೂ ಕೈಬಿಟ್ಟರು. ಸೆನೆಟ್‌ನಲ್ಲಿ 95 ಮತ ಪರ, 3 ವಿರೋಧ. ಆ ನಷ್ಟ ತುಂಬಿಕೊಳ್ಳಲು ಏನು ಮಾಡಿದರು ಗೊತ್ತೇ? ಹಿರಿಯ ನಾಗರಿಕರ ಆರೋಗ್ಯ ಯೋಜನೆಯಾದ ಮೆಡಿಕೇರ್‌ನ ಮೇಲಿನ ಕಡಿತವನ್ನು ಇನ್ನೊಂದು ವರ್ಷ ಮುಂದುವರಿಸಿದರು.

ಆಸ್ಪತ್ರೆಯ ಕೌಂಟರಿನಲ್ಲಿ

ನಮ್ಮ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಶುರುವಾದದ್ದು 2003ರ ಏಪ್ರಿಲ್ 1ರಂದು. ನಿವೃತ್ತಿಯ ಹೊತ್ತಿಗೆ ಒಂದೇ ಸಲ ವಂತಿಗೆ ಕಟ್ಟಬೇಕು. ಈಗಿನ ದರದಲ್ಲಿ ಹವಾಲ್ದಾರ್‌ವರೆಗಿನವರಿಗೆ 30,000, ಜೆಸಿಒಗಳಿಗೆ 67,000, ಅಧಿಕಾರಿಗಳಿಗೆ 1,20,000 ರೂಪಾಯಿ. ಕಾರ್ಡ್ ಹಿಡಿದು ಪಾಲಿಕ್ಲಿನಿಕ್‌ಗೆ ಹೋದರೆ ಅಲ್ಲಿ ಚಿಕಿತ್ಸೆ, ಇಲ್ಲವೇ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಚೀಟಿ. ಮಡಿಕೇರಿ, ಮಂಗಳೂರು, ಮೈಸೂರು, ಬೆಳಗಾವಿ, ಬೆಂಗಳೂರುಗಳಲ್ಲಿ ಪಾಲಿಕ್ಲಿನಿಕ್‌ಗಳಿವೆ. ರೋಗಿ ದುಡ್ಡು ಕೊಡಬೇಕಿಲ್ಲ, ಆಸ್ಪತ್ರೆಯೇ ಇಸಿಎಚ್‌ಎಸ್‌ಗೆ ಬಿಲ್ ಕಳಿಸುತ್ತದೆ.

ತೊಡಕು ಹುಟ್ಟುವುದು ಈ ಬಿಲ್ಲಿನಲ್ಲಿ. ಪಿಂಚಣಿಯಂತೆ ಇದು ತಿಂಗಳ ತಾರೀಖಿಗೆ ತಪ್ಪದೆ ಕೊಡಬೇಕಾದ ಖರ್ಚಲ್ಲ. ವರ್ಷಕ್ಕೆ ಇಟ್ಟ ಹಣ ನಡುವಿನಲ್ಲೇ ಮುಗಿದರೆ ಬಿಲ್ಲುಗಳು ಸಾಲುಗಟ್ಟಿ ಕಾಯುತ್ತವೆ. ಬಾಕಿ ಬೆಳೆದಂತೆ ಖಾಸಗಿ ಆಸ್ಪತ್ರೆಗಳು ನಗದುರಹಿತ ಚಿಕಿತ್ಸೆಗೆ ಹಿಂದೇಟು ಹಾಕುತ್ತವೆ, ಕೆಲವು ಪಟ್ಟಿಯಿಂದಲೇ ಹೊರಬೀಳುತ್ತವೆ. ಸಂಸದೀಯ ಸಮಿತಿ ಇದನ್ನು ಮತ್ತೆ ಮತ್ತೆ ಎತ್ತಿ ಆಡಿದೆ. ಊರಿನಲ್ಲಿ ಇರುವುದೇ ಒಂದೆರಡು ದೊಡ್ಡ ಆಸ್ಪತ್ರೆ ಎಂದಾದರೆ, ಅದೂ ಕಾರ್ಡ್ ಬೇಡ ಎಂದರೆ, ಕಾಗದದ ಮೇಲಿನ ಸೌಲಭ್ಯ ಇದ್ದೂ ಇಲ್ಲದಂತೆ.

ಇಲ್ಲಿಯೂ ಅಂಕಿಗಳನ್ನು ಓದುವ ಜಾಣ್ಮೆ ಬೇಕು. 2023-24ರಲ್ಲಿ ಇಸಿಎಚ್‌ಎಸ್‌ಗೆ ಇಟ್ಟದ್ದು 5,431 ಕೋಟಿ. ಅದು ಸಾಲದೆ ವರ್ಷದ ನಡುವೆ ಚಿಕಿತ್ಸೆಯ ಖರ್ಚಿಗೆ ಶೇ 70ರಷ್ಟು ಹೆಚ್ಚುವರಿ ಕೊಡಬೇಕಾಯಿತು. ಮರುವರ್ಷ 6,968 ಕೋಟಿ ಇಟ್ಟು ಶೇ 28 ಹೆಚ್ಚಳ ಎಂದು ಪ್ರಕಟಿಸಿದರು. ಶುರುವಿನ ಅಂಕಿಗೆ ಹೋಲಿಸಿದರೆ ಹೆಚ್ಚಳ ಹೌದು, ನಡುವರ್ಷದ ಹೆಚ್ಚುವರಿಯನ್ನೂ ಸೇರಿಸಿ ಹೋಲಿಸಿದರೆ ಅಲ್ಲ. 2025-26ರಲ್ಲಿ 8,317 ಕೋಟಿ ಇಟ್ಟಿದ್ದಾರೆ. ವಾಟ್ಸ್‌ಆ್ಯಪ್‌ನ ಕೆಂಪು ಬಾಣ ಎಷ್ಟು ದಾರಿ ತಪ್ಪಿಸುತ್ತದೋ ಪತ್ರಿಕಾ ಪ್ರಕಟಣೆಯ ಹಸಿರು ಬಾಣವೂ ಅಷ್ಟೇ ತಪ್ಪಿಸಬಲ್ಲದು.

ಇನ್ನೂ ಸೇರದವರ ಪಾಲು

ಪಿಂಚಣಿಯ ಹೊರೆ ತಗ್ಗಿಸಬೇಕೆಂದು ಯಾವ ಸರ್ಕಾರ ಹೊರಟರೂ ಅದಕ್ಕೆ ರಾಜಕೀಯವಾಗಿ ಸುಲಭವಾದ ದಾರಿ ಒಂದೇ: ಇದ್ದವರನ್ನು ಮುಟ್ಟದೆ ಮುಂದೆ ಬರುವವರ ನಿಯಮ ಬದಲಿಸುವುದು. ಅಮೆರಿಕ ಹಾಗೆಯೇ ಮಾಡಿತು. 2018ರ ಜನವರಿ 1ರಿಂದ ಸೇರಿದವರಿಗೆ ಇಪ್ಪತ್ತು ವರ್ಷದ ಸೇವೆಗೆ ಮೂಲ ವೇತನದ ಶೇ 50ರ ಬದಲು ಶೇ 40 ಪಿಂಚಣಿ, ಉಳಿದದ್ದಕ್ಕೆ ಸರ್ಕಾರವೂ ಪಾಲು ಹಾಕುವ ಉಳಿತಾಯ ಖಾತೆ. ಪ್ರತಿಭಟನೆ ಅಷ್ಟಾಗಿ ಏಳಲಿಲ್ಲ. ಇನ್ನೂ ಸೇರದವರಿಗೆ ಸಂಘಟನೆ ಎಲ್ಲಿರುತ್ತದೆ?

ಭಾರತದಲ್ಲಿ 2022ರ ಜೂನ್ 14ರಂದು ಅಗ್ನಿಪಥ ಬಂತು. ನಾಲ್ಕು ವರ್ಷದ ಸೇವೆ, ಕೊನೆಗೆ ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬರಿಗೆ ಕಾಯಂ ನೇಮಕ. ಉಳಿದವರಿಗೆ ಸೇವಾನಿಧಿ ಎಂದು ಸುಮಾರು 11.71 ಲಕ್ಷ ರೂಪಾಯಿ. ಪಿಂಚಣಿ ಇಲ್ಲ, ಗ್ರಾಚುಯಿಟಿ ಇಲ್ಲ, ಇಸಿಎಚ್‌ಎಸ್ ಇಲ್ಲ. ಸೇನೆಯ ಸರಾಸರಿ ವಯಸ್ಸು ಇಳಿಸುವುದು ಇದರ ಉದ್ದೇಶ ಎಂಬುದು ಸರ್ಕಾರದ ಮಾತು. ಉದ್ದೇಶ ಏನೇ ಇರಲಿ, ಪರಿಣಾಮ ಪಿಂಚಣಿಯ ಲೆಕ್ಕಕ್ಕೂ ಬರುತ್ತದೆ. ಆದರೆ ಇವತ್ತಿನ ಲೆಕ್ಕಕ್ಕಲ್ಲ. ಹಿಂದಿನ ಪದ್ಧತಿಯಲ್ಲಿ 2022ರಲ್ಲಿ ಸೇರುತ್ತಿದ್ದ ಜವಾನ ಪಿಂಚಣಿ ಪಡೆಯಲು ಕನಿಷ್ಠ 15 ವರ್ಷ ಸೇವೆ ಮಾಡಬೇಕಿತ್ತು. ಅಂದರೆ ಉಳಿತಾಯ ಕಾಣಿಸಿಕೊಳ್ಳುವುದು 2037ರ ಆಚೆಗೆ. ‘ಅಗ್ನಿಪಥದಿಂದ ಉಳಿದ ಹಣದಲ್ಲಿ ಈಗಿನ ಪಿಂಚಣಿ ಕೊಡುತ್ತಿದ್ದಾರೆ’ ಎಂಬ ಮಾತಿಗೂ, ‘ಅಗ್ನಿಪಥ ಬಂದದ್ದರಿಂದ ಹಳಬರ ಪಿಂಚಣಿಗೂ ಕುತ್ತು’ ಎಂಬ ಮಾತಿಗೂ ಆಧಾರವಿಲ್ಲ.

ಪಿಂಚಣಿ ನಿಜಕ್ಕೂ ಕಡಿಮೆ ಬಂದರೆ?

ಬಜೆಟ್‌ನ ಮಾತು ಪಕ್ಕಕ್ಕಿಟ್ಟು ಮೊದಲು ಕೆಲವು ಸಾಮಾನ್ಯ ಕಾರಣಗಳನ್ನು ನೋಡಿ.

ಪಿಂಚಣಿ ಪೂರ್ತಿ ನಿಂತಿದ್ದರೆ ಹೆಚ್ಚಿನ ಸಲ ಕಾರಣ ಲೈಫ್ ಸರ್ಟಿಫಿಕೇಟ್. ವರ್ಷಕ್ಕೊಮ್ಮೆ ಕೊಡಲೇಬೇಕು. 2022ರ ಏಪ್ರಿಲ್ ತಿಂಗಳ ಪಿಂಚಣಿ 58 ಸಾವಿರಕ್ಕೂ ಹೆಚ್ಚು ಜನರ ಖಾತೆಗೆ ಬರದೆ ಗಾಬರಿ ಹುಟ್ಟಿತ್ತು. ಬ್ಯಾಂಕ್‌ಗಳಿಂದ ಸ್ಪರ್ಶ್ ಎಂಬ ಹೊಸ ವ್ಯವಸ್ಥೆಗೆ ಬಂದ ಇವರ ವಾರ್ಷಿಕ ಗುರುತಿನ ವಿವರ ಸೇರಿರಲಿಲ್ಲ ಎಂಬುದು ಸಚಿವಾಲಯದ ವಿವರಣೆ. ಒಂದು ಬಾರಿಯ ವಿನಾಯಿತಿ ಕೊಟ್ಟು ಮೇ ಮೊದಲ ವಾರದಲ್ಲೇ ಹಣ ಹಾಕಿದರು. ಈಗ ಫೋನಿನಲ್ಲೇ ಮುಖ ತೋರಿಸಿ ಜೀವನ್ ಪ್ರಮಾಣ್ ಮಾಡಿಸಬಹುದು. ಮನೆಯಲ್ಲಿ ವಯಸ್ಸಾದವರಿದ್ದರೆ ನೀವೇ ಕೂತು ಮಾಡಿಕೊಡಿ.

ಕುಟುಂಬ ಪಿಂಚಣಿ ಒಮ್ಮೆಲೇ ಇಳಿದಿದ್ದರೆ ಅದಕ್ಕೆ ಬೇರೆ ಕಾರಣ ಇರಬಹುದು. ಸಾಮಾನ್ಯ ಕುಟುಂಬ ಪಿಂಚಣಿಯಲ್ಲಿ ಮೊದಲ ಕೆಲವು ವರ್ಷ ಕೊನೆಯ ವೇತನದ ಶೇ 50 ಸಿಗುತ್ತದೆ, ಆಮೇಲೆ ಶೇ 30ಕ್ಕೆ ಇಳಿಯುತ್ತದೆ. ಸೇವೆಯಲ್ಲಿದ್ದಾಗ ತೀರಿಕೊಂಡಿದ್ದರೆ ಹೆಚ್ಚಿನ ದರ ಹತ್ತು ವರ್ಷ. ನಿವೃತ್ತಿಯ ನಂತರವಾದರೆ ಏಳು ವರ್ಷ ಅಥವಾ ಅವರಿಗೆ 67 ತುಂಬಬೇಕಿದ್ದ ದಿನ, ಯಾವುದು ಮೊದಲೋ ಅದು. ಮನೆಯವರಿಗೆ ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಹಣ ಇಳಿದ ತಿಂಗಳು ಬಜೆಟ್ ಕಡಿತದ ಸಂದೇಶವೂ ಬಂದಿದ್ದರೆ ಎರಡಕ್ಕೂ ಗಂಟು ಬೀಳುತ್ತದೆ.

ಇವೆರಡೂ ಅಲ್ಲದಿದ್ದರೆ ಸ್ಪರ್ಶ್‌ನಲ್ಲಿ ಪಿಂಚಣಿ ಚೀಟಿ ತೆಗೆದು ಮೂಲ ಪಿಂಚಣಿ, ತುಟ್ಟಿ ಪರಿಹಾರ, ಕಡಿತ ಎಂಬ ಮೂರು ಸಾಲುಗಳನ್ನು ಹಿಂದಿನ ತಿಂಗಳ ಚೀಟಿಯ ಜೊತೆ ಇಟ್ಟು ನೋಡಿ. ಯಾವ ಸಾಲು ಬದಲಾಗಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧಕ್ಕೆ ಆ ಎರಡೂ ಚೀಟಿಗಳನ್ನು ಹಿಡಿದು ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ, ಅಥವಾ ಸ್ಪರ್ಶ್‌ನಲ್ಲೇ ದೂರು ದಾಖಲಿಸಿ ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ.